ಗಾಳಿ ಇಲ್ಲದ ಸೀಸೆ

ಸಂಜೆ ಬಂದದ್ದು ಎರಡು ಸೀಸೆ, ಒಬ್ಬನದೇ ನೆತ್ತರು.
ಒಂದರಲ್ಲಿ ಗಾಳಿ ಇತ್ತು, ಇನ್ನೊಂದರಲ್ಲಿ ಇಲ್ಲ.
ರಾತ್ರಿ ಎರಡು ದಾಟಿದ ಮೇಲೆ
ಗಾಳಿ ಇದ್ದದ್ದು ಸುಮ್ಮನಿತ್ತು,
ಇಲ್ಲದ್ದು ಕೂಗಿತು.

ಅಕುರೇರಿ ಆಸ್ಪತ್ರೆಯ ನೆಲಮಾಳಿಗೆ.
ನಾನೊಬ್ಬಳೇ, ಯಂತ್ರದ ಹಳದಿ ದೀಪ,
ಕಿಟಕಿಗೆ ಹಿಮ ಕೆರೆಯುವ ಸದ್ದು.
ಚೀಟಿ ಓದಿದೆ: ಏವಿಂದುರ್, ಎಪ್ಪತ್ತಮೂರು, ಕುರಿ ಸಾಕುವವ.
ಮೂರು ವಾರದ ಬೆನ್ನುನೋವು, ಚಳಿಜ್ವರ.
ಟ್ರ್ಯಾಕ್ಟರ್ ಹತ್ತುವಾಗ ಉಳುಕಿರಬೇಕು ಎಂದಿದ್ದನಂತೆ.

ಗಾಜಿನ ಮೇಲೊಂದು ಹನಿ, ನೇರಳೆ ಬಣ್ಣ ಹಾಕಿ ತೊಳೆದು ನೋಡಿದರೆ
ಕಡ್ಡಿಗಳು. ಕೆಲವಕ್ಕೆ ತುದಿಯ ಹತ್ತಿರ ಉಬ್ಬು,
ಬಸುರಿನ ಹಾಗೆ.
ಮರುದಿನ ತಟ್ಟೆಯ ತುಂಬ ಹರಡಿಕೊಂಡಿತ್ತು,
ಹಾಲಿನ ಕೆನೆಯಂತೆ ಅನ್ನಲೇ? ಅಲ್ಲ, ಅದಕ್ಕಿಂತ ತೆಳು,
ಉಸಿರು ತಾಗಿದ ಕನ್ನಡಿಯಂತೆ.

ಹೆಸರು ಬಂದಾಗ ನಕ್ಕುಬಿಟ್ಟೆ. ನಗಬಾರದಿತ್ತು.
ನನ್ನಜ್ಜನಿಗೆ ಇದರ ಗುರುತು ನನಗಿಂತ ಚೆನ್ನಾಗಿತ್ತು:
ಬ್ರೌದಪೆಸ್ಟ್, ದಿಢೀರ್ ಸಾವು.
ಮೊದಲ ಹಿಮ ಬಿದ್ದ ಬೆಳಗ್ಗೆ
ಸೆಟೆದ ಹುಲ್ಲು ಮೇಯ್ದ ಕುರಿ,
ಹೊಟ್ಟೆಯ ಒಳಗೋಡೆ ಚಳಿಗೆ ಸುಟ್ಟು,
ಸುಟ್ಟ ಜಾಗದಿಂದ ಇದು ಒಳನುಗ್ಗಿ,
ಮಧ್ಯಾಹ್ನಕ್ಕೆ ಊದಿಕೊಂಡು ಬಿದ್ದಿರುತ್ತಿತ್ತು, ಕಣ್ಣು ತೆರೆದೇ.
ಈಗ ಕುರಿಗಳಿಗೆ ಸೂಜಿ ಹಾಕುತ್ತಾರೆ.
ಕಾಯುವವನಿಗೆ ಹಾಕುವುದಿಲ್ಲ.

ಮೇಲಿನಿಂದ ಹ್ರೆಫ್ನಾ ಇಳಿದು ಬಂದಳು, ಡಾಕ್ಟರು,
ತಲೆ ಬಾಚಿರಲಿಲ್ಲ. ಸ್ಕ್ಯಾನ್ ತೋರಿಸಿದಳು:
ಮಹಾಧಮನಿ ಹೊಟ್ಟೆಗೆ ಇಳಿಯುವಲ್ಲಿ
ಗೋಡೆಯೊಳಗೆ ಕಪ್ಪು ಗುಳ್ಳೆಗಳ ಸಾಲು.
ಗಾಳಿ ಒಲ್ಲದ ಜೀವ
ತಾನೇ ಕೂತು ಗಾಳಿ ಊದುತ್ತಿದೆ.
"ಇವತ್ತೇ ರೇಕ್ಯಾವಿಕ್‌ಗೆ ಹಾರಿಸಬೇಕು, ಗೋಡೆ ಒಡೆದರೆ"
ಎಂದವಳು ಮುಗಿಸಲಿಲ್ಲ.

ಕರುಳು ನೋಡಿದಿರಾ, ಅಂದೆ.
ಎಲ್ಲೋ ಒಂದು ಕಡೆ ಹಿಮದ ಹುಲ್ಲು ಇರಲೇಬೇಕು.
ಗೋಡೆ ಗಟ್ಟಿಯಿದ್ದರೆ ಇದು ದಾಟುವುದು ಅಪರೂಪ.

ಇತ್ತು.
ದೊಡ್ಡ ಕರುಳು ಶುರುವಾಗುವಲ್ಲೇ, ಬಲಕ್ಕೆ,
ಕುರಿಯ ಕಿವಿಗೆ ಹೊಡೆಯುವ ಬಿಲ್ಲೆಯಷ್ಟಗಲ,
ಎಷ್ಟು ವರ್ಷದಿಂದಲೋ ಬಾಯಿ ಬಿಡದೆ ಕೂತಿದ್ದ ಕ್ಯಾನ್ಸರು.
ತಂಗಿ ಉನ್ನೂರ್ ಫೋನಿನಲ್ಲಿ ಹೇಳಿದಳು:
ಬೆಲ್ಟಿಗೆ ಎರಡು ಹೊಸ ತೂತು ಹೊಡೆದುಕೊಂಡಿದ್ದ,
ಮೊಳೆ ಸುತ್ತಿಗೆ ನಾನೇ ಕೊಟ್ಟೆ, ಯಾಕೆ ಅಂತ ಕೇಳಲಿಲ್ಲ.

ಕರುಳಿಗೆ ಎಲ್ಲ ತಿಳಿಯುತ್ತದೆ ಅನ್ನುತ್ತಾರೆ.
ತಿಳಿದಿರಬಹುದು. ಹೇಳಲಿಲ್ಲ.
ಚಾಡಿ ಹೇಳಿದ್ದು
ಕೊಲ್ಲಲು ಬಂದವನು.

ಅಲ್ಲಿ ಕೊಯ್ದದ್ದು, ಬಟ್ಟೆಯ ಕೊಳವೆ ಹೊಲಿದದ್ದು,
ಆರು ವಾರ ಬಿಟ್ಟು ಕರುಳನ್ನೂ ಕತ್ತರಿಸಿದ್ದು
ನನಗೆ ಕಾಗದದಲ್ಲಿ ಗೊತ್ತು, ಅಷ್ಟೇ.

ಮೇ ತಿಂಗಳು, ಮರಿ ಹಾಕಿಸುವ ಕಾಲ, ನಿದ್ದೆಗೆಟ್ಟ ಕಣ್ಣು,
ಏವಿಂದುರ್ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತ.
ಬೂಟಿಗೆ ಹಿಕ್ಕೆ ಮೆತ್ತಿತ್ತು.
"ಅದನ್ನು ತೋರಿಸುತ್ತೀಯಾ?"

ನಿಯಮದ ಪ್ರಕಾರ ಆ ಗಾಜು ಎಂದೋ ಹೋಗಬೇಕಿತ್ತು.
ಇಟ್ಟುಕೊಂಡಿದ್ದೆ, ಯಾಕೋ.
ಕೋವಿ ಹಿಡಿದವನಂತೆ ಒಂದು ಕಣ್ಣು ಮುಚ್ಚಿ ನೋಡಿದ.
ತುಂಬ ಹೊತ್ತು.

"ಅಪ್ಪನ ಕಾಲದಲ್ಲಿ ಒಂದೇ ಚಳಿಗಾಲಕ್ಕೆ
ಐವತ್ತೆರಡು ಕುರಿ ಹೂತೆವು. ಮುಖ ನೋಡಿರಲಿಲ್ಲ.
ಇಷ್ಟೇನಾ ಇದು?"
ಆಮೇಲೆ, ಕಣ್ಣು ತೆಗೆಯದೆಯೇ:
"ಪಿತ್ತಕೋಶದ ಹತ್ತಿರ ಏನೋ ಚುಕ್ಕೆಯಂತೆ.
ಬೇಸಿಗೆ ಕಳೆಯಲಿ, ನೋಡೋಣ ಅಂದಿದ್ದಾರೆ."

ನನಗೆ ಮಾತು ಸಿಗಲಿಲ್ಲ.

"ಇದನ್ನೇನು ಮಾಡುತ್ತೀಯ ಈಗ?"
ಸುಡಬೇಕು, ಅಂದೆ.

ತಲೆಯಾಡಿಸಿದ. ಟೊಪ್ಪಿ ಹಾಕಿಕೊಂಡ.
ಮೆಟ್ಟಿಲ ಅರ್ಧ ಹತ್ತಿದವನು ತಿರುಗಿ ಹೇಳಿದ:
"ನಾಳೆ ಸುಡು."